ಗಾಯ ಯಾವುದು, ಮಚ್ಚೆ ಯಾವುದು? ಅಗ್ಗದ ದೆವ್ವದ ಸಿನಿಮಾಗಳನ್ನು ಉಳಿಸುವ ಕೆಲಸ

ವಿಜಯಪುರದ ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಹರೆಯದಲ್ಲಿ ಟೂರಿಂಗ್ ಟಾಕೀಸಿನ ಆಪರೇಟರ್ ಆಗಿದ್ದವರು. ಹೋದ ಬೇಸಿಗೆಯಲ್ಲಿ ಅವರ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಒಂದು ತಗಡಿನ ಡಬ್ಬಿ ಕೆಳಗಿಳಿಯಿತು. ರೀಲಿನ ಡಬ್ಬಿ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆದದ್ದೇ ತಡ, ಹುಳಿ ವಾಸನೆ ಮೂಗಿಗೆ ಬಡಿಯಿತು. ಗೋಬಿ ಮಂಚೂರಿ ಗಾಡಿ ಹತ್ತಿರ ನಿಂತರೆ ಬರುತ್ತಲ್ಲ, ಅದೇ ವಿನೆಗರ್ ವಾಸನೆ.

“ಕಾಕಾ, ಇದರಾಗ ಉಪ್ಪಿನಕಾಯಿ ಇಟ್ಟಿದ್ರೇನು?” ಅಂದೆ.

“ಉಪ್ಪಿನಕಾಯಿ ಅಲ್ಲೋ ತಮ್ಮಾ, ಸಿನೆಮಾ ಕೊಳಿಯಾಕತ್ತೈತಿ.”

ಒಳಗಿದ್ದದ್ದು ಯಾವುದೋ ದೆವ್ವದ ಸಿನಿಮಾದ ಒಂದೇ ಒಂದು ರೀಲು. ಹೆಸರು ಕಾಕಾಗೂ ನೆನಪಿಲ್ಲ. ಎರಡು ಕೈಯಲ್ಲಿ ಅಂಚು ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನೋಡಿದೆ. ಎಲ್ಲಾ ಗುಲಾಬಿ ಬಣ್ಣ. ಒಬ್ಬ ಅಡುಗೆಯವನು ಬಾಯಿ ತೆರೆದು ನಿಂತಿದ್ದಾನೆ. ಅವನ ಹಿಂದೆ ಒಂದು ಎಲುಬಿನ ಗೂಡು ತೂಗುತ್ತಿದೆ. ಆ ಗೂಡಿನ ತಲೆಯ ಮೇಲಿಂದ ಒಂದು ದಾರ ಸೀದಾ ಮೇಲಕ್ಕೆ ಹೋಗಿದೆ. ಕೂದಲಿನಷ್ಟು ಸಣ್ಣ ದಾರ, ಆದರೂ ಕಾಣುತ್ತದೆ.

ಆ ದಾರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಈ ರೀಲನ್ನು ಯಾರಾದರೂ ರಿಪೇರಿ ಮಾಡಿದರೆ ಗುಲಾಬಿ ಬಣ್ಣ ಹೋಗಬೇಕು, ಗೀಚುಗೆರೆ ಹೋಗಬೇಕು. ದಾರ? ದಾರ ಇರಬೇಕು. ಹಳೇ ಸಿನಿಮಾ ರಿಸ್ಟೋರ್ ಮಾಡುವ ಕೆಲಸದ ಕಷ್ಟವೆಲ್ಲ ಇಲ್ಲೇ ಇದೆ. ಕಾಲ ಮಾಡಿದ ಗಾಯ ಬೇರೆ, ಹುಟ್ಟುವಾಗಲೇ ಬಂದ ಮಚ್ಚೆ ಬೇರೆ. ಗಾಯ ಮಾಯಬೇಕು, ಮಚ್ಚೆ ಉಳಿಯಬೇಕು. ದೊಡ್ಡ ಬಜೆಟ್ಟಿನ ಸಿನಿಮಾದಲ್ಲಿ ಇವೆರಡನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಅಗ್ಗದ ದೆವ್ವದ ಹಾಸ್ಯ ಸಿನಿಮಾದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಇಂಥವಕ್ಕೆ ಅಮೆರಿಕದಲ್ಲಿ ಎಕ್ಸ್‌ಪ್ಲಾಯ್ಟೇಶನ್ ಸಿನಿಮಾ ಅಂತ ಹೆಸರು. ರಕ್ತ, ರಾಕ್ಷಸ, ಅರೆಬೆತ್ತಲೆ ಮೈ, ಹೀಗೆ ಜನರನ್ನು ಎಳೆಯುವ ಒಂದು ಸರಕು ಹಿಡಿದು, ಅದನ್ನೇ ಪೋಸ್ಟರಿನಲ್ಲಿ ದೊಡ್ಡದಾಗಿ ಬಿಡಿಸಿ, ಸಿಕ್ಕಷ್ಟು ದುಡ್ಡಿನಲ್ಲಿ ಮುಗಿಸುವ ಸಿನಿಮಾ. ಕಾರಿನಲ್ಲೇ ಕೂತು ನೋಡುವ ಡ್ರೈವ್-ಇನ್‌ಗಳಲ್ಲಿ, ನ್ಯೂಯಾರ್ಕಿನ 42ನೇ ಬೀದಿಯ ಹಳೇ ಥಿಯೇಟರುಗಳಲ್ಲಿ ಅವು ಓಡುತ್ತಿದ್ದವು. ರೋಜರ್ ಕಾರ್ಮನ್ 1960ರ ‘ದಿ ಲಿಟ್ಲ್ ಶಾಪ್ ಆಫ್ ಹಾರರ್ಸ್’ ಸಿನಿಮಾದ ಮುಖ್ಯ ಶೂಟಿಂಗನ್ನು ಎರಡೇ ದಿನದಲ್ಲಿ ಮುಗಿಸಿದರು. ಮನುಷ್ಯರನ್ನು ತಿನ್ನುವ ಗಿಡದ ಕಥೆ ಅದು. ಹೆದರಿಕೆ, ನಗು ಎರಡೂ ಒಂದೇ ಬುಟ್ಟಿಯಲ್ಲಿ.

ನಮಗೂ ಈ ರುಚಿ ಹೊಸದಲ್ಲ. ವಿಜಯಪುರ, ಬೆಳಗಾವಿ ಕಡೆಯವರಿಗೆ ರಾಮ್ಸೆ ಸೋದರರ ಹಿಂದಿ ಸಿನಿಮಾ ಅಂದರೆ ಸಾಕು, ಇನ್ನೇನೂ ಹೇಳಬೇಕಿಲ್ಲ. 1984ರ ‘ಪುರಾನಾ ಮಂದಿರ್’ನಲ್ಲಿ ಒಂದು ಕಡೆ ದೆವ್ವ, ಇನ್ನೊಂದು ಕಡೆ ಜಗದೀಪ್ ಅವರು ‘ಶೋಲೆ’ಯನ್ನು ಅಣಕಿಸುವ ಹಾಸ್ಯ. ಹೆದರಿ ಮುದುಡಿ ಕೂತವರನ್ನು ಮರುಕ್ಷಣವೇ ನಗಿಸಿ ಬಿಡುತ್ತಿದ್ದರು.

ಇವನ್ನು ಯಾರೂ ಜೋಪಾನ ಮಾಡಲಿಲ್ಲ. ಓಡುವಷ್ಟು ದಿನ ಓಡಿತು, ಮುಗಿಯಿತು. ಪ್ರಿಂಟ್ ಇಡಲು ಜಾಗ ಬೇಕು, ಜಾಗಕ್ಕೆ ಬಾಡಿಗೆ ಬೇಕು. ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಅದನ್ನು ತೆಗೆದು ಮಾರಿದರೆ ನಾಲ್ಕು ಕಾಸು ಸಿಗುತ್ತದೆ. ನಮ್ಮ ದೇಶದಲ್ಲಿ ಹಾಗೆ ಉಳಿದ ಪಟ್ಟಿಗಳು ಬಳೆ ಮಾಡುವವರ ಕೈ ಸೇರಿದ್ದೂ ಉಂಟು. ನಾವು ಹುಡುಗರು ಜಾತ್ರೆಯಲ್ಲಿ ಫಿಲ್ಮಿನ ತುಂಡು ಕೊಳ್ಳುತ್ತಿದ್ದೆವು. ಸುಟ್ಟ ಬಲ್ಬಿನ ಹೊಟ್ಟೆ ತೆಗೆದು ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ ಗೋಡೆಯ ಮೇಲೆ ಚಿತ್ರ ಬೀಳಿಸುತ್ತಿದ್ದೆವು. ಆ ತುಂಡುಗಳು ಎಲ್ಲಿಂದ ಬರುತ್ತಿದ್ದವು ಅಂತ ಆಗ ಯೋಚಿಸಲಿಲ್ಲ.

ಇನ್ನು ಆ ಹುಳಿ ವಾಸನೆಯ ವಿಷಯ. ಮೊದಲಿನ ಫಿಲ್ಮು ನೈಟ್ರೇಟ್, ಬೆಂಕಿ ತಾಗಿದರೆ ಧಗ್ ಅಂತ ಹತ್ತಿಕೊಳ್ಳುತ್ತಿತ್ತು. ಅದರ ಬದಲಿಗೆ ಸುರಕ್ಷಿತ ಅಂತ ಬಂದದ್ದು ಅಸಿಟೇಟ್. ಕೊಡಕ್ ಕಂಪನಿ 1948ರಲ್ಲಿ ಟ್ರೈಅಸಿಟೇಟ್ ಫಿಲ್ಮು ತಂದಿತು. ಬೆಂಕಿಯ ಭಯ ಹೋಯಿತು, ಆದರೆ ಇನ್ನೊಂದು ರೋಗ ಬಂತು. ಬಿಸಿ ಮತ್ತು ತೇವ ಸೇರಿದರೆ ಅಸಿಟೇಟ್ ಒಡೆದು ಅಸಿಟಿಕ್ ಆಸಿಡ್ ಬಿಡುತ್ತದೆ. ವಿನೆಗರ್‌ನಲ್ಲಿರುವುದೂ ಅದೇ. ಆ ಆಸಿಡ್ ಸುಮ್ನೆ ಹೊರಗೆ ಹೋಗುವುದಿಲ್ಲ. ಡಬ್ಬಿಯೊಳಗೇ ನಿಂತು ಇನ್ನಷ್ಟು ಅಸಿಟೇಟನ್ನು ಒಡೆಯುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಒಮ್ಮೆ ಶುರುವಾದರೆ ತಾನೇ ಬೆಳೆಯುತ್ತದೆ. ಪಕ್ಕದ ಡಬ್ಬಿಗೂ ಅಂಟುತ್ತದೆ. ಫಿಲ್ಮು ಕುಗ್ಗುತ್ತದೆ, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಕೊನೆಗೆ ಮುಟ್ಟಿದರೆ ಮುರಿಯುತ್ತದೆ. ಶೇಕಡಾ 1ರಷ್ಟು ಕುಗ್ಗಿದರೂ ಸಾಕು, ಅಂಚಿನ ತೂತುಗಳು ಮಷಿನ್ನಿನ ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ.

ಈ ರೋಗಕ್ಕೆ ವಿನೆಗರ್ ಸಿಂಡ್ರೋಮ್ ಅಂತ ಹೆಸರು. ಇದರ ಬಗ್ಗೆ ಕೊಡಕ್‌ಗೆ ಮೊದಲು ದೂರು ಕೊಟ್ಟದ್ದು ನಮ್ಮ ಭಾರತ ಸರ್ಕಾರವೇ! ನಮ್ಮ ಸೆಕೆಯಲ್ಲಿ ಇಟ್ಟ ಫಿಲ್ಮು ಹತ್ತು ವರ್ಷದೊಳಗೇ ಕೆಡತೊಡಗಿತ್ತು. 21 ಡಿಗ್ರಿ ಇರುವ ಕೋಣೆಯಲ್ಲಿ ಹೊಸ ಅಸಿಟೇಟ್ ಫಿಲ್ಮಿಗೆ ಈ ರೋಗ ಶುರುವಾಗಲು ಸುಮಾರು 40 ವರ್ಷ ಬೇಕು ಅನ್ನುತ್ತಾರೆ. ನಮ್ಮೂರಿನ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಚಾವಣಿಯ ಕೆಳಗಿನ ಅಟ್ಟ ಅಂದರೆ ಒಲೆಯೇ ಸರಿ.

2012ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಒಂದು ಕಂಪನಿ ಶುರುವಾಯಿತು. ಕೆಲಸ, ಇಂಥ ಯಾರಿಗೂ ಬೇಡವಾದ ಸಿನಿಮಾಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಬ್ಲೂರೇ ಡಿಸ್ಕ್ ಮಾಡಿ ಮಾರುವುದು. ಅವರು ತಮಗೆ ಇಟ್ಟುಕೊಂಡ ಹೆಸರು ‘ವಿನೆಗರ್ ಸಿಂಡ್ರೋಮ್’. ಇಂಗ್ಲೆಂಡಿನ ‘ಆರೋ’, ಅಮೆರಿಕದ ‘ಸೆವೆರಿನ್’ ಕೂಡ ಇದೇ ದಾರಿಯವರು. ರಾಮ್ಸೆ ಸಿನಿಮಾಗಳನ್ನು ಬ್ಲೂರೇ ಪೆಟ್ಟಿಗೆ ಮಾಡಿ ತಂದದ್ದೂ ‘ಮೊಂಡೊ ಮಕಾಬ್ರೊ’ ಎಂಬ ಹೊರದೇಶದ ಲೇಬಲ್ಲೇ.

ಇವರ ಕೆಲಸ ಶುರುವಾಗುವುದು ಹುಡುಕಾಟದಿಂದ. ನಮ್ಮ ಗೋಳಗುಮ್ಮಟದ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹೊಡೆದರೆ ಏಳು ಸಲ ಕೇಳುತ್ತದೆ. ಒಂದೊಂದು ಸಲಕ್ಕೂ ಒಂದಿಷ್ಟು ಮಸುಕು. ಫಿಲ್ಮೂ ಹಾಗೆಯೇ. ಕ್ಯಾಮೆರಾದ ಒಳಗೆ ಓಡಿದ ನೆಗೆಟಿವ್ ಮೊದಲ ಚಪ್ಪಾಳೆ. ಅದರಿಂದ ಒಂದು ಪಾಸಿಟಿವ್, ಅದರಿಂದ ಮತ್ತೊಂದು ನೆಗೆಟಿವ್, ಅದರಿಂದ ಥಿಯೇಟರಿಗೆ ಹೋಗುವ ಪ್ರಿಂಟ್. ಪ್ರತಿ ನಕಲಿಗೂ ಚೂಪು ಕಡಿಮೆ, ಕಪ್ಪು ಇನ್ನಷ್ಟು ಕಪ್ಪು. ಆದ್ದರಿಂದ ಮೂಲ ನೆಗೆಟಿವ್ ಸಿಕ್ಕರೆ ಅರ್ಧ ಯುದ್ಧ ಗೆದ್ದ ಹಾಗೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ‘ಬಾಸ್ಕೆಟ್ ಕೇಸ್’. 1982ರ ಸಿನಿಮಾ, ಫ್ರಾಂಕ್ ಹೆನೆನ್‌ಲಾಟರ್ ಮಾಡಿದ್ದು. ಒಬ್ಬ ಹುಡುಗ ಬೆತ್ತದ ಬುಟ್ಟಿಯಲ್ಲಿ ತನ್ನ ವಿಕಾರದ ಅವಳಿ ತಮ್ಮನನ್ನು ಹೊತ್ತು ನ್ಯೂಯಾರ್ಕಿನ ಒಂದು ಕೊಳಕು ಲಾಡ್ಜಿಗೆ ಬರುತ್ತಾನೆ. ದುಡ್ಡು ಎಷ್ಟು ಕಡಿಮೆ ಅಂದರೆ, ಕೆಲಸ ಮಾಡಿದವರು ಬೆರಳೆಣಿಕೆ ಮಂದಿ. ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಬಹುಪಾಲು ಸುಳ್ಳು ಹೆಸರು! ತೆಗೆದದ್ದು 16 ಎಂಎಂ ಫಿಲ್ಮಿನಲ್ಲಿ. ಅದರ ಒಂದೊಂದು ಫ್ರೇಮ್, ಅಂದರೆ ಒಂದೊಂದು ಬಿಡಿ ಚಿತ್ರ, ಒಂದು ದಪ್ಪ ಕಡಲೆಕಾಳಿನಷ್ಟು. ಥಿಯೇಟರಿಗಾಗಿ ಅದನ್ನು 35 ಎಂಎಂಗೆ ಹಿಗ್ಗಿಸಿದರು. ಹಿಗ್ಗಿಸಿದ ಮೇಲೆ ಉಳಿಯುವುದೆಷ್ಟು? ಮುಂದೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಇದನ್ನು ಕೈಗೆತ್ತಿಕೊಂಡಿತು. ಪಿಕಾಸೊ ಚಿತ್ರ ಇರುವ ಮ್ಯೂಸಿಯಂ ಅದು. ಆ 16 ಎಂಎಂ ನೆಗೆಟಿವ್‌ನಿಂದಲೇ 4ಕೆ ರಿಸ್ಟೋರೇಶನ್ ಆಯಿತು. ಬುಟ್ಟಿಯ ತಮ್ಮ ಎದ್ದು ಓಡಾಡುವ ಕೆಲವು ದೃಶ್ಯಗಳು ಸ್ಟಾಪ್-ಮೋಷನ್. ಗೊಂಬೆಯನ್ನು ಚೂರು ಚೂರೇ ಸರಿಸಿ ಒಂದೊಂದು ಫ್ರೇಮ್ ತೆಗೆದದ್ದು. ಜರ್ಕು ಹೊಡೆಯುತ್ತದೆ. ಇದೇ ಮಚ್ಚೆ. ಆ ಜರ್ಕನ್ನು ನುಣುಪು ಮಾಡಿದರೆ ಗೊಂಬೆಯೂ ಸತ್ತಿತು, ನಗುವೂ ಸತ್ತಿತು.

ಸಿಕ್ಕ ಫಿಲ್ಮನ್ನು ಮೊದಲು ಕೈಯಿಂದ ಪರೀಕ್ಷಿಸುತ್ತಾರೆ. ಇಂಚಿಂಚು. ಹರಿದ ತೂತು, ಬಿಟ್ಟುಹೋದ ಜಾಯಿಂಟ್ ಎಲ್ಲ ಸರಿಮಾಡಿ, ತೊಳೆದು, ಆಮೇಲೆ ಸ್ಕ್ಯಾನರ್. ಕುಗ್ಗಿದ ಫಿಲ್ಮಿಗಾಗಿ ಹಲ್ಲೇ ಇಲ್ಲದ, ರೋಲರ್ ಮೇಲೆ ಓಡಿಸುವ ಸ್ಕ್ಯಾನರುಗಳಿವೆ. ಗೀಚು ಜಾಸ್ತಿ ಇದ್ದರೆ ವೆಟ್ ಗೇಟ್. ಅಂದರೆ ಫಿಲ್ಮು ಒಂದು ದ್ರವದಲ್ಲಿ ಅದ್ದಿಕೊಂಡು ಹಾದುಹೋಗುತ್ತದೆ. ಮಸುಕು ಗಾಜಿಗೆ ನೀರು ಸವರಿದರೆ ಆಚೆಗಿನದು ಕಾಣುತ್ತಲ್ಲ, ಅದೇ ಉಪಾಯ. ದ್ರವ ಗೀಚಿನ ಹಳ್ಳ ತುಂಬುತ್ತದೆ, ಬೆಳಕು ಚದುರುವುದಿಲ್ಲ, ಗೆರೆ ಮಾಯ. ಆದರೆ ಇದು ಫಿಲ್ಮಿನ ಬೆನ್ನಿನ ಗೀಚಿಗೆ ಮಾತ್ರ. ಚಿತ್ರ ಇರುವ ಪದರವೇ ಕೆರೆದುಹೋದರೆ ದ್ರವದಿಂದ ಆಗದು. ಹಳೇ ಕಲರ್ ಪ್ರಿಂಟಿನಲ್ಲಿ ಉದ್ದಕ್ಕೆ ಹಸಿರು ಗೆರೆ ಓಡುವುದನ್ನು ನೀವೂ ನೋಡಿರುತ್ತೀರಿ. ಪ್ರಿಂಟಿನ ಎಲ್ಲಕ್ಕಿಂತ ಮೇಲಿನ ಬಣ್ಣದ ಪದರ ಮಜೆಂತಾ, ಅಂದರೆ ನೇರಳೆ ಬೆರೆತ ಗುಲಾಬಿ. ಅದು ಕೆರೆದರೆ ಅಲ್ಲಿ ಹಸಿರು ಉಳಿಯುತ್ತದೆ.

ಲೆಕ್ಕ ಒಂದು ಸಲ ನೋಡಿ. ಸೆಕೆಂಡಿಗೆ 24 ಫ್ರೇಮ್. ಒಂದೂವರೆ ತಾಸಿನ ಸಿನಿಮಾಕ್ಕೆ 1,29,600 ಫ್ರೇಮ್. 4ಕೆ ಸ್ಕ್ಯಾನಿನಲ್ಲಿ ಒಂದು ಫ್ರೇಮಿಗೆ ಸುಮಾರು 50 ಎಂಬಿ. ಇಡೀ ಸಿನಿಮಾ 6 ಟಿಬಿ ದಾಟುತ್ತದೆ. ಇಷ್ಟನ್ನೂ ಒಂದೊಂದಾಗಿ ಕಣ್ಣಿಂದ ನೋಡಿ ಕಸ ತೆಗೆಯುತ್ತ ಕೂತರೆ ವರ್ಷಗಳೇ ಬೇಕು. ಅದಕ್ಕೆ ಸಾಫ್ಟ್‌ವೇರ್. ತೊಂದರೆ ಶುರುವಾಗುವುದೂ ಇಲ್ಲೇ.

ಸಾಫ್ಟ್‌ವೇರ್ ಒಂದು ಫ್ರೇಮನ್ನು ಅದರ ಹಿಂದಿನದರ ಜೊತೆ, ಮುಂದಿನದರ ಜೊತೆ ಹೋಲಿಸುತ್ತದೆ. ಎರಡರಲ್ಲೂ ಇಲ್ಲದ್ದು ನಡುವೆ ಒಂದರಲ್ಲಿ ಮಾತ್ರ ಕಂಡರೆ ಅದು ಧೂಳು ಅಂತ ತೀರ್ಮಾನ. ಅಳಿಸಿ, ಅಕ್ಕಪಕ್ಕದ ಫ್ರೇಮಿನಿಂದ ತೇಪೆ ಹಾಕುತ್ತದೆ. ಜಾಣ ಉಪಾಯವೇ. ಆದರೆ ದೆವ್ವದ ಸಿನಿಮಾದಲ್ಲಿ ರಕ್ತ ಚಿಮ್ಮುತ್ತದೆ. ಚಿಮ್ಮಿದ ಒಂದು ಹನಿ ಒಂದೇ ಫ್ರೇಮಿನಲ್ಲಿ ಇದ್ದು ಮುಂದಿನದರಲ್ಲಿ ಇರುವುದಿಲ್ಲ. ಸಾಫ್ಟ್‌ವೇರಿಗೆ ಅದೂ ಧೂಳೇ. ಪಂಜಿನ ಕಿಡಿ, ಮಳೆ ಹನಿ, ಹಾರಿಹೋದ ನೊಣ ಎಲ್ಲ ಧೂಳೇ. ಮನುಷ್ಯ ಪಕ್ಕದಲ್ಲಿ ಕೂತು “ಇದು ಬೇಡ, ಇದನ್ನು ವಾಪಸ್ ಇಡು” ಅನ್ನದಿದ್ದರೆ, ತಲೆ ಕಡಿದರೂ ರಕ್ತ ಹಾರದ ಸಿನಿಮಾ ಸಿಗುತ್ತದೆ.

ಇದು ನನಗೆ ಪುಸ್ತಕದ ಮಾತಲ್ಲ. ನಮ್ಮ ಮನೆಯಲ್ಲಿ ಸಿದ್ಧೇಶ್ವರ ಜಾತ್ರೆಯ ಒಂದು ವಿಎಚ್‌ಎಸ್ ಕ್ಯಾಸೆಟ್ ಇತ್ತು. ಸಂಕ್ರಮಣದ ರಾತ್ರಿ ಮದ್ದು ಸುಡುವುದನ್ನು ಸಂಬಂಧಿಕರೊಬ್ಬರು ತೆಗೆದದ್ದು. ಅಜ್ಜಿ ಮುಖ ಮೇಲೆತ್ತಿ ನೋಡುತ್ತಿದ್ದಾಳೆ. ಒಂದು ಅಂಗಡಿಗೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿದೆ. ಚೆನ್ನಾಗಿ ಕಾಣಲಿ ಅಂತ ಅವರೇ ಕ್ಲೀನ್ ಮಾಡಿ ಕೊಟ್ಟರು. ಮನೆಗೆ ತಂದು ಹಾಕಿ ನೋಡಿದರೆ ಆಕಾಶ ಸ್ವಚ್ಛ ಕಪ್ಪು. ಕಿಡಿಗಳೇ ಇಲ್ಲ. ಅಜ್ಜಿಯ ಮುಖದ ಸುಕ್ಕೂ ಇಲ್ಲ, ಮೇಣದ ಗೊಂಬೆಯ ಹಾಗೆ. ಕ್ಯಾಸೆಟ್ ಇನ್ನೂ ಕೈಯಲ್ಲಿತ್ತು, ಅದೇ ಪುಣ್ಯ. ಏನೂ ಕ್ಲೀನ್ ಮಾಡಬೇಡಿ ಅಂತ ಹೇಳಿ ಬೇರೆ ಕಡೆ ಮಾಡಿಸಿದೆ. ಕಿಡಿಗಳು ಬಂದವು.

ಸಿನಿಮಾದಲ್ಲಿ ಮುಖ ಹೀಗೆ ಮೇಣವಾಗುವುದಕ್ಕೆ ಕಾರಣ ಗ್ರೇನ್ ಒರೆಸುವುದು. ಫಿಲ್ಮಿನಲ್ಲಿ ಕಾಣುವ ಆ ಸಣ್ಣ ಮರಳು ಮರಳು ಕೊಳೆಯಲ್ಲ. ಚಿತ್ರ ಆಗಿರುವುದೇ ಅದರಿಂದ. ರಂಗೋಲಿ ಪುಡಿಯನ್ನು ಒರೆಸಿ ರಂಗೋಲಿ ಉಳಿಸಲು ಆಗುತ್ತಾ? ಅಗ್ಗದ ಸಿನಿಮಾದವರ ಹತ್ತಿರ ಲೈಟು ಕಡಿಮೆ. ಕಡಿಮೆ ಬೆಳಕಿಗೆ ಒಗ್ಗುವ ಫಿಲ್ಮಿನಲ್ಲಿ ಗ್ರೇನ್ ಜಾಸ್ತಿ. ಫ್ರೇಮ್ ಚಿಕ್ಕದಾದರೆ ಇನ್ನೂ ಜಾಸ್ತಿ. ಇದಕ್ಕಾಗಿಯೇ ಇಂಥ ಸಿನಿಮಾಗಳ ಅಭಿಮಾನಿಗಳು ಇಂದಿಗೂ ಡಿಸ್ಕ್ ಕೊಳ್ಳುತ್ತಾರೆ. ಗ್ರೇನ್ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಇರುತ್ತದೆ, ಅದನ್ನು ಒತ್ತಿ ಚಿಕ್ಕ ಫೈಲ್ ಮಾಡುವುದು ಬಹಳ ಕಷ್ಟ. ಎರಡು ಪದರಿನ ಬ್ಲೂರೇಯಲ್ಲಿ 50 ಜಿಬಿ ಜಾಗ ಇದೆ. ಮೊಬೈಲಿಗೆ ಬರುವ ಸ್ಟ್ರೀಮಿಂಗಿನಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು? ಗ್ರೇನ್ ಕರಗಿ ಚೌಕ ಚೌಕ ಕಲೆಯಾಗುತ್ತದೆ.

ಗುಲಾಬಿ ಬಣ್ಣದ ಕಥೆ ಸ್ವಲ್ಪ ಸುಲಭ. ಕಲರ್ ಫಿಲ್ಮಿನಲ್ಲಿ ಹಳದಿ, ಮಜೆಂತಾ, ಸಯಾನ್ (ಹಸಿರು ಬೆರೆತ ನೀಲಿ) ಅಂತ ಮೂರು ಬಣ್ಣದ ಪದರ. 80ರ ದಶಕದ ಆರಂಭದವರೆಗಿನ ಹೆಚ್ಚಿನ ಪ್ರಿಂಟುಗಳಲ್ಲಿ ಸಯಾನ್ ಬೇಗ ಮಾಸುತ್ತಿತ್ತು. ಅದು ಹೋದರೆ ಉಳಿಯುವುದು ಕೆಂಪು. ಬಾಗಲಕೋಟೆಯ ಹೋಳಿಯಲ್ಲಿ ಮುಳುಗಿಸಿ ಎತ್ತಿದ ಹಾಗೆ ಇಡೀ ಸಿನಿಮಾ ಒಂದೇ ರಂಗು. ಸ್ವಲ್ಪ ಸಯಾನ್ ಉಳಿದಿದ್ದರೆ ಕಂಪ್ಯೂಟರಿನಲ್ಲಿ ಅದನ್ನು ಮೇಲೆತ್ತಬಹುದು. ಪೂರ್ತಿ ಹೋಗಿದ್ದರೆ ಇಲ್ಲದ್ದನ್ನು ತರಲಾಗದು. ಇಲ್ಲೂ ಮಚ್ಚೆಯ ಪ್ರಶ್ನೆ ಇದೆ. ಆ ಕಾಲದ ನಕಲಿ ರಕ್ತ ಪೇಂಟಿನಷ್ಟು ಕಡುಕೆಂಪು. ಅದನ್ನು ಈಗಿನ ರುಚಿಗೆ ತಕ್ಕಂತೆ ಕಂದು ಮಾಡಿದರೆ ಅದು ರಿಪೇರಿಯಲ್ಲ, ತಿದ್ದುಪಡಿ. ಹಗಲಿನಲ್ಲಿ ತೆಗೆದು ರಾತ್ರಿ ಅಂತ ತೋರಿಸುವ ದೃಶ್ಯಗಳಲ್ಲಿ ತದ್ವಿರುದ್ಧ ತಪ್ಪಾಗುತ್ತದೆ. ಲ್ಯಾಬಿನಲ್ಲಿ ಪ್ರಿಂಟ್ ಮಾಡುವಾಗ ಕತ್ತಲು ಮಾಡಬೇಕು ಅಂತ ಇದ್ದದ್ದು ಹೊಸಬರಿಗೆ ತಿಳಿಯದೆ, ನಡುರಾತ್ರಿಯ ದೆವ್ವ ಮಧ್ಯಾಹ್ನದ ಬಿಸಿಲಲ್ಲಿ ನಡೆಯುತ್ತದೆ. ಹಾಗಾಗದಿರಲು ಹಳೇ ಪ್ರಿಂಟೊಂದನ್ನು ಪಕ್ಕದಲ್ಲಿಟ್ಟುಕೊಂಡು ನೋಡುತ್ತಾರೆ.

ನನ್ನ ಪ್ರಕಾರ ದೆವ್ವದ ಹಾಸ್ಯಕ್ಕೆ ಬಣ್ಣಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಕಳೆದುಹೋದ ಫ್ರೇಮುಗಳಿಂದ. ಹೆದರಿಸುವುದು, ನಗಿಸುವುದು ಎರಡೂ ಟೈಮಿಂಗಿನ ಆಟ. ಬಾಗಿಲು ತೆರೆಯುತ್ತದೆ, ಒಂದು ಕ್ಷಣ ಮೌನ, ಆಮೇಲೆ ಕಿರುಚು. ಪ್ರಿಂಟ್ ತುಂಡಾದಾಗ ಆಪರೇಟರ್ ಹರಿದ ಫ್ರೇಮುಗಳನ್ನು ಕತ್ತರಿಸಿ ಅಂಟಿಸುತ್ತಾನೆ. 12 ಫ್ರೇಮ್ ಹೋದರೆ ಅರ್ಧ ಸೆಕೆಂಡ್ ಹೋಯಿತು. ಆ ಅರ್ಧ ಸೆಕೆಂಡೇ ಆ ಮೌನ ಆಗಿದ್ದರೆ?

ಅದರ ಜೊತೆಗೆ ಧ್ವನಿ ಬೇರೆ. ಫಿಲ್ಮಿನ ಅಂಚಿನಲ್ಲಿ ಅಲೆಅಲೆಯಾಗಿ ಓಡುವ ಗೆರೆಯೇ ಧ್ವನಿ. ಚಿತ್ರ ತೋರಿಸುವ ಕಿಂಡಿಯಲ್ಲಿ ಫಿಲ್ಮು ಸೆಕೆಂಡಿಗೆ 24 ಸಲ ನಿಂತು ನಿಂತು ಹೋಗಬೇಕು. ಧ್ವನಿ ಮಾತ್ರ ನಿಲ್ಲದೆ ಹರಿಯಬೇಕು. ಅದಕ್ಕೆ ಧ್ವನಿ ಓದುವ ಜಾಗ ಕಿಂಡಿಯಿಂದ ದೂರ ಇರುತ್ತದೆ. 35 ಎಂಎಂನಲ್ಲಿ ಒಂದು ಚಿತ್ರದ ಧ್ವನಿ ಸುಮಾರು 20 ಫ್ರೇಮ್ ಮುಂದೆ ಅಚ್ಚಾಗಿರುತ್ತದೆ. ಆದ್ದರಿಂದ ಜಾಯಿಂಟ್ ಬಂದಾಗ ಮೊದಲು ಚಿತ್ರ ಹಾರುತ್ತದೆ. ಮುಕ್ಕಾಲು ಸೆಕೆಂಡಿನ ಮೇಲೆ ಧ್ವನಿ ಹಾರುತ್ತದೆ. ಒಂದು ಜಾಯಿಂಟು, ಎರಡು ಗಾಯ. ರಿಸ್ಟೋರ್ ಮಾಡುವವರು ಇನ್ನೊಂದು ಪ್ರಿಂಟ್ ಹುಡುಕಿ, ಅದರಿಂದ ಆ 12 ಫ್ರೇಮನ್ನೂ ಆ ಚೂರು ಧ್ವನಿಯನ್ನೂ ತಂದು ಕೂರಿಸುತ್ತಾರೆ. ಸೆನ್ಸಾರಿನವರೋ ಹಂಚಿಕೆದಾರರೋ ಕತ್ತರಿಸಿದ ದೃಶ್ಯ ಎಲ್ಲೂ ಸಿಗದೆ ಹಳೇ ವಿಎಚ್‌ಎಸ್ ಟೇಪಿನಲ್ಲಿ ಮಾತ್ರ ಇದ್ದರೆ ಅಲ್ಲಿಂದಲೇ ತರುತ್ತಾರೆ. ನೋಡುತ್ತ ನೋಡುತ್ತ ಚಿತ್ರ ಫಕ್ಕನೆ ಮಸುಕಾಗಿ, ಹತ್ತು ಸೆಕೆಂಡಿನ ಮೇಲೆ ಮತ್ತೆ ತಿಳಿಯಾಗುತ್ತದೆ. ಕೆಲವರಿಗೆ ಅದು ಕಿರಿಕಿರಿ. ನನಗೆ ಅದು ಪ್ರಾಮಾಣಿಕ ತೇಪೆ. ಎಲ್ಲಿ ಹರಿದಿತ್ತು ಅಂತ ಗೊತ್ತಾಗಬೇಕಲ್ವಾ?

ಹಕ್ಕಿನ ಗೊಂದಲ ಬೇರೆಯೇ ಇದೆ. ಕಾರ್ಮನ್ನರ ಆ ಗಿಡದ ಸಿನಿಮಾಕ್ಕೆ ಕಾಪಿರೈಟ್ ಇಲ್ಲದೆ ಹೋಗಿ ಅದು ಎಲ್ಲರ ಸ್ವತ್ತಾಯಿತು. ಯಾರು ಬೇಕಾದರೂ ಮಾರಬಹುದು. ಹಾಗಾಗಿ ನಕಲಿನ ನಕಲುಗಳೇ ಎಲ್ಲೆಲ್ಲೂ ತುಂಬಿದವು. ನಾನು ಲಕ್ಷ ಸುರಿದು ಚೆನ್ನಾಗಿ ಮಾಡಿದರೂ ನಾಳೆ ಇನ್ನೊಬ್ಬ ಅದನ್ನೇ ಎತ್ತಿ ಮಾರಬಹುದು ಅನ್ನುವಾಗ, ಕೈ ಹಾಕಲು ಯಾರಿಗಾದರೂ ಹಿಂಜರಿಕೆಯೇ.

ನಮ್ಮಲ್ಲಿ 1964ರಿಂದ ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಇದೆ. ಮುಂಬೈಯಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ರಿಸ್ಟೋರ್ ಆಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಅಂಥದ್ದಕ್ಕೆ ಮೊದಲ ಸಾಲು ಸಿಗಲೇಬೇಕು. ಆದರೆ ಆ ಕಾಲದಲ್ಲಿ ತಗಡಿನ ಥಿಯೇಟರಿನಲ್ಲಿ ನೆಲದ ಮೇಲೆ ಕೂತ ಜನ ಯಾವುದಕ್ಕೆ ಹೆದರಿದರು, ಯಾವುದಕ್ಕೆ ಬಿದ್ದು ಬಿದ್ದು ನಕ್ಕರು ಅನ್ನುವುದು ಬೇಕಾದರೆ ಎಲುಬಿನ ಗೂಡಿನ ಸಿನಿಮಾವೂ ಬೇಕು. ದೊಡ್ಡವರು ಸಾಲಿನಲ್ಲಿ ನಿಂತಿರುವಾಗ ಚಿಕ್ಕವರ ಡಬ್ಬಿ ಕೊಳೆಯುತ್ತಿರುತ್ತದೆ, ಅದೇ ನನ್ನ ಸಂಕಟ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಸಿಕ್ಕರೆ ದಯವಿಟ್ಟು ಪ್ರೊಜೆಕ್ಟರಿಗೆ ಹಾಕಿ ನೋಡಲು ಹೋಗಬೇಡಿ, ಕುಗ್ಗಿದ ಫಿಲ್ಮು ಹರಿಯುತ್ತದೆ. ಬಿಗಿ ಮುಚ್ಚಳವೂ ಬೇಡ, ಗಾಳಿ ಆಡಬೇಕು. ಹುಳಿ ವಾಸನೆ ಇರುವುದನ್ನು ಉಳಿದವುಗಳಿಂದ ದೂರ ಇಡಿ. ಅಟ್ಟದಿಂದ ಇಳಿಸಿ, ಮನೆಯ ತಂಪಾದ, ತೇವವಿಲ್ಲದ ಮೂಲೆ ನೋಡಿ. ಆರ್ಕೈವಿನವರು ಡಬ್ಬಿಯೊಳಗೆ ಒಂದು ನೀಲಿ ಕಾಗದದ ಪಟ್ಟಿ ಇಡುತ್ತಾರೆ. ಆಸಿಡ್ ಇದ್ದರೆ ಅದು ಹಸಿರಾಗುತ್ತದೆ, ಜಾಸ್ತಿ ಇದ್ದರೆ ಹಳದಿ. ಮನೆಯಲ್ಲಿ ಮೂಗೇ ಸಾಕು.

ಕಾಕಾ ತಮ್ಮ ರೀಲಿಗೆ ಹೊಸ ಡಬ್ಬಿ ತಂದರು. ಹಳೇ ಡಬ್ಬಿಯಿಂದ ಬಿಡಿಸಿ, ಹತ್ತಿಬಟ್ಟೆಯ ಕೈಗವಸು ಹಾಕಿಕೊಂಡು, ಸಡಿಲವಾಗಿ ಸುತ್ತುತ್ತ ಹೋದರು. ನಾನು ಪಕ್ಕದಲ್ಲಿ ಭೂತಗನ್ನಡಿ ಹಿಡಿದು ಕೂತಿದ್ದೆ. ಅಡುಗೆಯವನು, ಎಲುಬಿನ ಗೂಡು, ದಾರ. ಮತ್ತೆ ಅಡುಗೆಯವನು. ಒಂದು ಕಡೆ ಕಾಕಾನ ಬೆರಳು ನಿಂತಿತು. ಅಡ್ಡಕ್ಕೆ ಒಂದು ಉಬ್ಬು. ಬ್ಲೇಡಿನಿಂದ ಕೆರೆದು, ಫಿಲ್ಮ್ ಸಿಮೆಂಟ್ ಅನ್ನುವ ಅಂಟು ಹಚ್ಚಿ ಕೂಡಿಸಿದ ಜಾಯಿಂಟ್.

“ಇದು ನಂದs ಜಾಯಿಂಟ್,” ಅಂದರು. ಬೆಳಕಿಗೆ ಹಿಡಿದು ಆಚೆಗಿನ ಫ್ರೇಮು, ಈಚೆಗಿನ ಫ್ರೇಮು ನೋಡಿದರು. “ಇಲ್ಲೆ ಹರದಿತ್ತು. ಹತ್ತು-ಹನ್ನೆರಡು ಫ್ರೇಮ್ ಕತ್ತರಿಸಿ ಒಗದೇನಿ. ಇಲ್ಲೆ ಅಂವ ಹೊಳ್ಳಿ ನೋಡತಿದ್ದ. ಮಂದಿ ಇದಕ್ಕs ನಗತಿದ್ರು.”